ಗುಂಡುಕಲ್ಲು

“ತಲೆನೋವು ಗಿಲೆನೋವು ಏನೂ ಇಲ್ಲ,” ಎಂದ ಕ್ರೇನ್ ಆಪರೇಟರ್.

“ಸುಳ್ಳು ಡಾಕ್ಟ್ರೇ. ಇವರು ಬಾಯಿ ಬಿಟ್ಟರೆ ಬರೀ ಸುಳ್ಳು,” ಎಂದಳು ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿ.

ವೈದ್ಯೆಗೆ ಅನುಮಾನ ಬಂದದ್ದು ಆಗಲೇ. ತಲೆಗೆ ಪೆಟ್ಟು ಬಿದ್ದು ತಿಂಗಳು ಕಳೆದರೂ ಕೆಲವರಲ್ಲಿ ತೊಂದರೆ ಉಳಿದುಬಿಡುತ್ತದೆ. ಕೆಲಸ ಹೋದೀತೆಂದು ಅದನ್ನು ಮುಚ್ಚಿಡುವವರೇ ಹೆಚ್ಚು. ಈತನಿಗೂ ಹೆದರಿಕೆಯಿತ್ತು. ವೈದ್ಯೆ ಹೂಂ ಎಂದರೆ ನಾಳೆಯೇ ಕ್ರೇನು, ಊಹೂಂ ಎಂದರೆ ಗೇಟು ಕಾಯುವವನ ಸ್ಟೂಲು. ಇಂಥವರ ವಿಷಯದಲ್ಲಿ ಮನೆಯವರ ಮಾತನ್ನೇ ನಂಬಬೇಕೆಂಬುದು ವೈದ್ಯೆಯ ಅನುಭವ.

“ಐದು ಪದ ಹೇಳ್ತೀನಿ. ನೆನಪಿಟ್ಕೊಳ್ಳಿ, ಕೊನೇಲಿ ಕೇಳ್ತೀನಿ. ಬಾಗಿಲು, ನಿಂಬೆಹಣ್ಣು, ಸೇತುವೆ, ಹತ್ತಿ, ಕನ್ನಡಿ.”

ಆತ ಬಾಯಲ್ಲೇ ಗುಣುಗುಣಿಸಿಕೊಂಡ. ಹೆಂಡತಿ ಎದ್ದು ಕಿಟಕಿಯ ಪರದೆ ಎಳೆದು ಬಂದು ಕೂತಳು. ಗಂಡನ ಕಣ್ಣಿಗೆ ಬಿಸಿಲು ಬೀಳದಿರಲಿ ಎಂದು ಎಷ್ಟು ಕಾಳಜಿ ಅಂದುಕೊಂಡಳು ವೈದ್ಯೆ.

“ಬಿದ್ದದ್ದು ಹೇಗೆ?”

“ನಾಯಿ ಅಡ್ಡ ಬಂತು,” ಉತ್ತರ ಹೆಂಡತಿಯದೇ. “ಸ್ಕೂಟರ್ ಜಾರಿ ಇಬ್ರೂ ರಸ್ತೆಗೆ ಬಿದ್ವಿ. ಇವರ ತಲೆ ತುಂಬಾ ರಕ್ತ. ಯಾರದೋ ಕಾರು ನಿಲ್ಲಿಸಿ ಆಸ್ಪತ್ರೆಗೆ ಹಾಕ್ಕೊಂಡು ಬಂದೋಳು ನಾನೇ. ನನಗೇನು, ಗುಂಡುಕಲ್ಲಿನ ಹಾಗಿದ್ದೆ.”

“ಆಮೇಲೆ?”

“ಆಮೇಲೆ ಇವರು ಇವರಾಗಿ ಉಳಿದಿಲ್ಲ. ನಾಲಿಗೆ ರುಚಿ ಕೆಟ್ಟಿದೆ, ಉಪ್ಪು ಜಾಸ್ತಿ ಅಂತ ದಿನಾ ತಟ್ಟೆ ತಳ್ತಾರೆ. ಕಿವಿ ಮಂದ ಆಗಿದೆ, ರೇಡಿಯೋನ ಮನೆ ಹಾರಿಹೋಗೋ ಹಾಗೆ ಹಾಕ್ತಾರೆ. ಕೋಪ ಮೂಗಿನ ತುದೀಲೇ. ಏನು ಹೇಳಿದ್ರೂ ‘ಆಗಲೇ ಹೇಳಿದ್ಯಲ್ಲ’ ಅಂತ ರೇಗ್ತಾರೆ. ಅಷ್ಟೆತ್ತರಕ್ಕೆ ಹತ್ತಿ ಏನಾದ್ರೂ ಆದ್ರೆ ನನ್ನ ಗತಿ ಏನು ಡಾಕ್ಟ್ರೇ?” ಅವಳ ಕಣ್ಣು ತುಂಬಿತು.

“ರೇಡಿಯೋ ಮೊದಲು ಇಡ್ತಿದ್ದಷ್ಟೇ ಇಡೋದು ಕಣೇ!”

“ನೋಡಿ, ರೇಗಿದ್ರು.”

ವೈದ್ಯೆ ಟಾರ್ಚಿನ ಬೆಳಕು ಬಿಟ್ಟು ಆತನ ಕಣ್ಣು ನೋಡಿದಳು. ಬೆರಳಿನಿಂದ ಮೂಗು ಮುಟ್ಟಿಸಿದಳು. ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಲು ಹೇಳಿದಳು. ಆತ ಕಂಬದ ಹಾಗೆ ನಿಂತ. ಎಲ್ಲಿ ಬೀಳುತ್ತಾರೋ ಎಂದು ಹೆಂಡತಿ ಧಡಕ್ಕನೆ ಎದ್ದು ಅವನ ತೋಳು ಹಿಡಿದಳು. ಹಿಡಿದವಳು ಮತ್ತೆ ಕೂರುವವರೆಗೂ ಬಿಡಲಿಲ್ಲ.

“ಒಂದು ಮಾತು ಹೇಳೋದೇ ಮರೆತೆ ಡಾಕ್ಟ್ರೇ. ಇವರ ನಾಲಿಗೆ ರುಚಿ ಕೆಟ್ಟಿದೆ. ದಿನಾ ಉಪ್ಪು ಜಾಸ್ತಿ ಅಂತಾರೆ.”

ಗಂಡ ಸೂರು ನೋಡಿದ. ನೊಂದ ಜೀವ, ಹೇಳಿದ್ದನ್ನೇ ಹೇಳುತ್ತದೆ ಎಂದು ವೈದ್ಯೆ ಮರುಗಿದಳು. ಪರೀಕ್ಷೆಯಲ್ಲಿ ಆತ ಪಾಸಾಗಿದ್ದ ನಿಜ. ಆದರೆ ಇಷ್ಟೆಲ್ಲ ಕೇಳಿದ ಮೇಲೆ ಕ್ರೇನ್ ಹತ್ತಿಸಲು ಅವಳಿಗೆ ಧೈರ್ಯ ಸಾಲಲಿಲ್ಲ. ಗೇಟಿನ ಸ್ಟೂಲೇ ಸರಿ ಎಂದು ಪೆನ್ನು ಕೈಗೆತ್ತಿಕೊಂಡಳು.

“ಕೊನೇದಾಗಿ, ಹೇಳಿ ನೋಡೋಣ?”

“ಬಾಗಿಲು, ನಿಂಬೆಹಣ್ಣು, ಸೇತುವೆ, ಹತ್ತಿ, ಕನ್ನಡಿ.” ಆತ ಪಟಪಟನೆ ಒಪ್ಪಿಸಿ ಗೆದ್ದವನಂತೆ ನಕ್ಕ.

ಹೆಂಡತಿ ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದಳು. “ಕೇಳಿದ್ರಾ? ತಲೆಬುಡ ಇಲ್ಲದ ಮಾತು. ಬಾಗಿಲಂತೆ, ನಿಂಬೆಹಣ್ಣಂತೆ! ಇವರನ್ನ ಹೇಗೆ ಕೆಲಸಕ್ಕೆ ಕಳಿಸಲಿ?”

ವೈದ್ಯೆ ಪೆನ್ನು ಕೆಳಗಿಟ್ಟಳು. ಎದ್ದು ತನ್ನ ಕುರ್ಚಿಯನ್ನು ಹೆಂಡತಿಯ ಎದುರಿಗೆ ಎಳೆದುಕೊಂಡು ಕೂತಳು.

“ಅಮ್ಮಾ, ಅವತ್ತು ರಸ್ತೆಗೆ ಬಿದ್ದಾಗ ನಿಮ್ಮ ತಲೆಗೆ ಎಲ್ಲಿ ಪೆಟ್ಟಾಗಿತ್ತು?”