ಹೋಲಿಕೆಯ ದಂಡೆ

ನದಿಯ ಬಲದಂಡೆಯ ಹೆಣ್ಣುಮಕ್ಕಳಿಗೆ ಹತ್ತು ತುಂಬಿದೊಡನೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಹಾಕುತ್ತಿದ್ದರು. ಎಡದಂಡೆಯವರಿಗೆ ವರ್ಷಕ್ಕೊಮ್ಮೆ ತಪಾಸಣೆ ಮಾತ್ರ. ಎಡದಂಡೆಯ ಶಾರವ್ವ ಈ ಸಲ ಮಗಳು ನಂದಾಳನ್ನು ಸೇತುವೆ ದಾಟಿಸಿ ತಪಾಸಣೆಗೆ ಕರೆತಂದವಳೇ ನರ್ಸಿನ ಕೈ ಹಿಡಿದುಕೊಂಡಳು.

“ನಮ್ಮವ್ವ ಇದರಾಗ ಹೋದ್ಳು, ಅಕ್ಕನೂ ಹೋದ್ಳು. ಇಕಿಗಾದ್ರೂ ಒಂದು ಹಾಕ್ರಿ.”

“ನಿಮಗೂ ಹಾಕಿದ್ರ, ಲಸಿಕೆಯಿಂದ ಎಷ್ಟು ಮಂದಿ ಉಳಿದ್ರು ಅಂತ ಯಾರ ಜೋಡಿ ಹೋಲಿಸಿ ನೋಡೋದವ್ವಾ?”

“ಮೂವತ್ತು ವರ್ಷ ಆತು. ಇನ್ನೂ ಗೊತ್ತಾಗಿಲ್ಲೇನ್ರಿ?”

“ಗೊತ್ತಾಗೇದ,” ಎಂದು ನರ್ಸ್ ಮೆಲ್ಲಗೆ ಕೈ ಬಿಡಿಸಿಕೊಂಡಳು. “ಆದ್ರ ಹೋಲಿಸೋದು ನಿಲ್ಲಸ್ರಿ ಅಂತ ನಮಗ ಯಾರೂ ಹೇಳಿಲ್ಲ.”

ನಂದಾಳ ತೂಕ, ಎತ್ತರ ಬರೆದುಕೊಂಡು ಕಳುಹಿಸಿದರು. ಮನೆಯ ದಾರಿಯಲ್ಲಿ ಅವಳು ಕುಣಿಯುತ್ತ, “ಅವ್ವಾ, ಸೂಜಿ ಚುಚ್ಚಲೇ ಇಲ್ಲ ನೋಡು,” ಎಂದಳು.

“ಹೂಂ, ಪುಣ್ಯ ನಿಂದು,” ಎಂದು ಶಾರವ್ವ ಮುಖ ತಿರುಗಿಸಿಕೊಂಡಳು.