ಕಳ್ಳಬೆಕ್ಕಿನ ಚೀಟಿ

“ಕಳ್ಳಬೆಕ್ಕಿನ ಹಾಗೆ ಬಂದು ಮೇಡಂ ಕನ್ನಡಕ ಎಗರಿಸು,” ಎಂದು ಮೊಮ್ಮಗಳು ಚೀಟಿಯನ್ನು ಪಟಪಟನೆ ಓದಿ ಮುಂದಿನ ಚೀಟಿಗೆ ಕೈಚಾಚಿದಳು. ಗ್ರಂಥಾಲಯದಲ್ಲಿದ್ದ ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. ಮೂಲೆಯಲ್ಲಿ ಕೂತಿದ್ದ ಅಜ್ಜಿ ತಲೆ ತಗ್ಗಿಸಿದಳು. ‘ಬರೀ ಗಿಳಿಪಾಠ, ಓದಿದ್ದು ತಲೆಗೆ ಹತ್ತಲ್ಲ’ ಎಂದು ಶಾಲೆಯವರು ಹೇಳಿದ್ದು ನಿಜವೇ ಆಯಿತಲ್ಲ!

“ಯಾಕೇ ಪುಟ್ಟಿ, ರೈಲು ಹೊರಟುಹೋಗುತ್ತಾ?” ಆಟ ಆಡಿಸುತ್ತಿದ್ದ ಗ್ರಂಥಾಲಯದ ಮೇಡಂ ನಗುತ್ತ ಅದೇ ಚೀಟಿಯನ್ನು ಮತ್ತೆ ಕೊಟ್ಟರು. “ಮೆಲ್ಲಗೆ ಓದು. ಅದು ಹೇಳಿದ್ದನ್ನ ಮಾಡೋದೇ ಆಟ.”

ಹುಡುಗಿಯ ಬೆರಳು ‘ಕಳ್ಳಬೆಕ್ಕಿನ’ ಮೇಲೆ ನಿಂತಿತು. ತುಟಿಯಂಚು ಅರಳಿತು. ಕಪಾಟಿನ ಮರೆಯಿಂದ ಅಂಬೆಗಾಲಿಕ್ಕಿ ಬಂದು, ಮೇಡಂ ಮೂಗಿನ ಮೇಲಿಂದ ಕನ್ನಡಕವನ್ನು ಹಗುರವಾಗಿ ಎಗರಿಸಿದಳು.

“ಅಯ್ಯೋ, ಯಾರೇ ಅದು ಕಳ್ಳಿ?”

“ಮಿಯಾಂವ್!”

ಮಿಯಾಂವ್ ಚೀಟಿಯಲ್ಲಿರಲಿಲ್ಲ, ಅದು ಅವಳದೇ. ಅಜ್ಜಿ ಎದ್ದು ಬಂದು ಮೇಡಂ ಕೈಗಳನ್ನು ಕಣ್ಣಿಗೊತ್ತಿಕೊಂಡಳು. “ನಿನ್ನ ಹೊಟ್ಟೆ ತಣ್ಣಗಿರಲಿ, ತಾಯಿ.”