ಇಪ್ಪತ್ತು ವಾರ

ಯಾವ ಕೆಲಸಕ್ಕೆ ಎಷ್ಟು ವಾರ ಬೇಕೆಂದು ನಮ್ಮ ತಂಡವೇ ಹೇಳಬೇಕು. ಒಬ್ಬರದನ್ನು ನೋಡಿ ಇನ್ನೊಬ್ಬರು ಹೇಳಬಾರದೆಂದು ಎಲ್ಲರೂ ಅಂಕಿಯ ಕಾರ್ಡನ್ನು ಬೋರಲಿಟ್ಟು, ಒಟ್ಟಿಗೇ ತಿರುಗಿಸುತ್ತೇವೆ.

ಅಂದಿನ ಕೆಲಸ, ಒಂಬತ್ತು ವರ್ಷದಿಂದ ನಮ್ಮ ಸಾಫ್ಟ್‌ವೇರಿನ ತಪ್ಪು ಹಿಡಿಯುತ್ತಿದ್ದ ನಾಗವೇಣಿ ಮೇಡಂ ಜಾಗಕ್ಕೆ ಒಂದು ಪ್ರೋಗ್ರಾಂ ಬರೆಯುವುದು.

“ಹತ್ತು ವಾರ ದಾಟೋದಾದ್ರೆ ಕೈಬಿಡೋಣ, ಅವರೇ ಇರ್ಲಿ,” ಎಂದಿದ್ದರು ಮ್ಯಾನೇಜರ್.

ಟೀ ಕುಡಿಯುವಾಗ ನಾವು ಐವರೂ ನಾಗವೇಣಿ ಮೇಡಂ ಎದುರಿಗೇ ಮಾತಾಡಿಕೊಂಡೆವು.

“ಎಲ್ರೂ ಇಪ್ಪತ್ತೇ ಇಡ್ತೀವಿ ಮೇಡಂ, ನೀವು ಸುಮ್ನಿರಿ,” ಎಂದ ಸಿರಾಜ್.

“ಮೀಟಿಂಗಲ್ಲೂ ಇಷ್ಟೇ ಜೋರಾಗಿ ಮಾತಾಡ್ರಪ್ಪ, ನೋಡೋಣ,” ಎಂದು ಅವರು ನಕ್ಕರು.

ಕಾರ್ಡುಗಳು ತಿರುಗಿದವು. ನಾಲ್ಕು ಕಾರ್ಡುಗಳ ಮೇಲೆ ಎರಡು. ನನ್ನದೊಂದೇ ಇಪ್ಪತ್ತು. ಸಿರಾಜ್ ಮೊಬೈಲ್ ನೋಡುತ್ತಿದ್ದ.

“ಎಲ್ಲರಿಗಿಂತ ಬೇರೆ ಇಟ್ಟೋರು ಕಾರಣ ಹೇಳ್ಬೇಕು, ನಿಯಮ ಗೊತ್ತಲ್ಲ?” ಮ್ಯಾನೇಜರ್ ನಗುತ್ತಲೇ ಕೇಳಿದರು. “ಹೇಳಿ, ಯಾಕೆ ಇಪ್ಪತ್ತು?”

ಗೋಡೆಗೊರಗಿ ನಿಂತಿದ್ದ ನಾಗವೇಣಿ ಮೇಡಂ ನನ್ನನ್ನೇ ನೋಡುತ್ತಿದ್ದರು.

“ಕೈತಪ್ಪಿ ಬಂತು ಸಾರ್,” ಎಂದು ಆ ಕಾರ್ಡನ್ನು ಎತ್ತಿಕೊಂಡು ಎರಡರ ಕಾರ್ಡು ಇಟ್ಟೆ.